ಮಾತನಾಡುವ ಪ್ರಾಣಿಗಳು: ಗುಣಾಢ್ಯನಿಂದ ‘ದಿಲ್ಲಿ ಸಫಾರಿ’ಯವರೆಗೆ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಮಕ್ಕಳ ಕಾರ್ಟೂನ್ ಚಿತ್ರವೊಂದಕ್ಕೆ ಏನು ಕೆಲಸ ಎಂದು ಹಿರಿಯರು ಕೇಳಿದರೆ ಅದು ತಪ್ಪಲ್ಲ. ಸಿದ್ಧರಾಮನ ಸೊನ್ನಲಿಗೆ, ಚಾಲುಕ್ಯರ ಶಾಸನಗಳು, ಗಡಿನಾಡಿನ ಕನ್ನಡ ಶಾಲೆಗಳು ಇವೇ ನಮ್ಮ ಸಂಚಿಕೆಗಳ ರೂಢಿಯ ವಿಷಯಗಳು. ಆದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ನಮ್ಮ ಮನೆಗಳಲ್ಲಿ ಐದಾರು ವರ್ಷದ ಮಗುವೊಂದು ಸಂಜೆಯ ಹೊತ್ತು ಯಾರ ಮಾತನ್ನು ಕೇಳುತ್ತಿದೆ ಎಂಬುದನ್ನು ಗಮನಿಸಿದರೆ ವಿಷಯದ ಗಾಂಭೀರ್ಯ ತಿಳಿದೀತು. ಮುತ್ಯಾ ಹೇಳುವ ಕಥೆಗಿಂತ ಹೆಚ್ಚು ಹೊತ್ತು ಅದು ಕೇಳುವುದು ಪರದೆಯ ಮೇಲಿನ ಬೆಕ್ಕು, ಇಲಿ, ಕರಡಿ, ಸಿಂಹಗಳ ಮಾತನ್ನು. ಆ ಪ್ರಾಣಿಗಳು ಮಾತನಾಡುವುದು ಹೆಚ್ಚಾಗಿ ಹಿಂದಿಯಲ್ಲಿ. ಪ್ರಾಣಿಗಳಿಗೆ ಮಾತು ಕೊಟ್ಟವರು ಯಾರು, ಯಾವ ಭಾಷೆಯಲ್ಲಿ ಕೊಟ್ಟರು, ಅದರಲ್ಲಿ ನಮ್ಮ ಕನ್ನಡದ ಪಾಲು ಎಷ್ಟು ಎಂಬುದನ್ನು ಒಂದು ಚಲನಚಿತ್ರದ ನೆಪದಲ್ಲಿ ಇಲ್ಲಿ ಪರಿಶೀಲಿಸಲು ಬಯಸಿದ್ದೇವೆ.

ಆ ಚಿತ್ರ ‘ದಿಲ್ಲಿ ಸಫಾರಿ’. ನಿಖಿಲ್ ಅಡ್ವಾಣಿ ನಿರ್ದೇಶನದ ಈ ಹಿಂದಿ ಅನಿಮೇಷನ್ ಚಿತ್ರ 2012ರ ಅಕ್ಟೋಬರ್ ತಿಂಗಳಲ್ಲಿ ತೆರೆಕಂಡಿತು. ಇದನ್ನು ರೂಪಿಸಿದ್ದು ಪುಣೆಯ ಕ್ರೇಯಾನ್ ಪಿಕ್ಚರ್ಸ್. ಆ ವರ್ಷದ ಅತ್ಯುತ್ತಮ ಅನಿಮೇಷನ್ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಇದಕ್ಕೆ ದೊರೆಯಿತು. ಕಥೆ ಸರಳವಾದುದು. ಮುಂಬಯಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಯುವಿ ಎಂಬ ಚಿರತೆಮರಿ ತಂದೆತಾಯಿಯರೊಡನೆ ಸುಖವಾಗಿದೆ. ಕಟ್ಟಡ ಕಟ್ಟುವವರ ಯಂತ್ರಗಳು ಕಾಡಿಗೆ ನುಗ್ಗುತ್ತವೆ. ತಂದೆ ಸುಲ್ತಾನ ಪ್ರಾಣ ಕಳೆದುಕೊಳ್ಳುತ್ತಾನೆ. ಉಳಿದ ಪ್ರಾಣಿಗಳು ಸಭೆ ಸೇರುತ್ತವೆ. ಬಜರಂಗಿ ಎಂಬ ಕೋತಿಗೆ ಯುದ್ಧವೇ ಬೇಕು. ಬಗ್ಗಾ ಎಂಬ ಕರಡಿಗೆ ಪ್ರೀತಿಯೇ ಮದ್ದು. ಕೊನೆಗೆ ದಿಲ್ಲಿಗೆ ಹೋಗಿ ದೇಶ ಆಳುವವರನ್ನೇ ಕೇಳುವುದೆಂದು ತೀರ್ಮಾನವಾಗುತ್ತದೆ.

ಇಲ್ಲಿ ಒಂದು ತೊಡಕು ಏಳುತ್ತದೆ, ಚಿತ್ರದ ಹಾಸ್ಯವೆಲ್ಲ ಆ ತೊಡಕಿನಿಂದಲೇ ಹುಟ್ಟುತ್ತದೆ. ಪ್ರಾಣಿಗಳು ತಮ್ಮತಮ್ಮೊಳಗೆ ಎಷ್ಟು ಸೊಗಸಾಗಿ ಮಾತನಾಡಿದರೂ ಮನುಷ್ಯರಿಗೆ ಅದು ಬರಿಯ ಗುರುಗುಟ್ಟುವಿಕೆ. ದಿಲ್ಲಿ ತಲುಪಿ ಏನು ಪ್ರಯೋಜನ? ಹೇಳುವವರು ಬೇಕಲ್ಲ! ಆಗ ನೆನಪಾಗುವುದು ಅಲೆಕ್ಸ್ ಎಂಬ ಗಿಳಿ. ಅದು ಸಿನಿಮಾ ನಿರ್ದೇಶಕನೊಬ್ಬನ ಮನೆಯಲ್ಲಿ ಸುಖವಾಗಿ ಬೆಳೆದದ್ದು. ಎರಡೂ ಕಡೆಯ ಮಾತನ್ನು ಬಲ್ಲದ್ದು. ಕಾಡಿನ ಕಷ್ಟ ಅದಕ್ಕೆ ಬೇಕಾಗಿಲ್ಲ. ಹಾಗಾಗಿ ಉಳಿದವರು ಅದನ್ನು ಹೊತ್ತುಕೊಂಡೇ ಹೊರಡುತ್ತಾರೆ. ದಾರಿಯುದ್ದಕ್ಕೂ ಜಗಳ, ತಮಾಷೆ, ಹಾಡು. ಕಡೆಗೆ ಮನುಷ್ಯರ ಸಭೆಯೆದುರು ಬಾಯಿ ತೆರೆಯಬೇಕಾದುದು ಆ ಗಿಳಿಯೇ. ಹುಲ್ಲುಮೇಯುವವರ, ಮಾಂಸ ತಿನ್ನುವವರ ಅಳಲೆಲ್ಲ ಒಂದು ಸಣ್ಣ ಕೊಕ್ಕಿನ ಮೇಲೆ ನಿಂತಿದೆ. ಎರಡು ಭಾಷೆಗಳ ನಡುವೆ ಬದುಕುವ ನಮ್ಮಂಥವರಿಗೆ ಈ ಗಿಳಿ ಬಲು ಹತ್ತಿರದ ನೆಂಟ.

ಚಿತ್ರದ ಕಥೆ ಆರಂಭವಾಗುವ ಕಾಡಿನ ಬಗ್ಗೆ ಒಂದು ಮಾತು ಹೇಳಬೇಕು. ಮಹಾನಗರದ ಮಗ್ಗುಲಲ್ಲೇ ನೂರು ಚದರ ಕಿಲೋಮೀಟರಿನಷ್ಟು ಹಬ್ಬಿರುವ ಆ ಕಾಡಿನ ಒಡಲಲ್ಲಿ ಕಾನ್ಹೇರಿ ಗುಹೆಗಳಿವೆ. ಬೌದ್ಧ ಭಿಕ್ಷುಗಳು ಶತಮಾನಗಳ ಕಾಲ ಅಲ್ಲಿ ನೆಲೆಸಿದ್ದರು. ಗುಹೆಗಳ ಗೋಡೆಗಳಲ್ಲಿ ಶಾತವಾಹನರ ಕಾಲದ ಶಾಸನಗಳಿವೆ. ಒಂಬತ್ತನೆಯ ಶತಮಾನದ ಶಾಸನಗಳಲ್ಲಿ ಕೊಂಕಣದ ಶಿಲಾಹಾರರು ತಮ್ಮ ಒಡೆಯನೆಂದು ಹೆಸರಿಸುವುದು ರಾಷ್ಟ್ರಕೂಟ ಅಮೋಘವರ್ಷನನ್ನು. ‘ಕವಿರಾಜಮಾರ್ಗ’ವನ್ನು ನಮಗಿತ್ತ ಆಸ್ಥಾನದ ದೊರೆಯ ಹೆಸರು ಚಿರತೆಮರಿ ಯುವಿಯ ಕಾಡಿನಲ್ಲಿ ಇಂದಿಗೂ ಕಲ್ಲಿನಲ್ಲಿ ಕುಳಿತಿದೆ.

ಆ ಭಿಕ್ಷುಗಳ ಪರಂಪರೆಯ ಜಾತಕ ಕಥೆಗಳಲ್ಲಿ ಜಿಂಕೆ, ಆನೆ, ಕೋತಿ, ಮೊಲಗಳೆಲ್ಲ ಮಾತನಾಡುತ್ತವೆ. ನಮಗೆ ಸಮೀಪದ ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ, ಕನಗನಹಳ್ಳಿಯ ಸ್ತೂಪದ ಫಲಕಗಳಲ್ಲಿ ಜಾತಕದ ದೃಶ್ಯಗಳನ್ನೂ ಶಾತವಾಹನ ಅರಸರ ರೂಪಗಳನ್ನೂ ಕೆತ್ತಲಾಗಿದೆ. ನ್ಯಗ್ರೋಧ ಮೃಗದ ಜಾತಕವು ಈ ಪ್ರಸಂಗಕ್ಕೆ ಮುಖ್ಯವಾದುದು. ವಾರಾಣಸಿಯ ಅರಸನ ಅಡುಗೆಮನೆಗೆ ದಿನಕ್ಕೊಂದು ಜಿಂಕೆ ಸರದಿಯಂತೆ ಹೋಗಬೇಕು. ಒಮ್ಮೆ ಗಬ್ಬದ ಹೆಣ್ಣುಜಿಂಕೆಯ ಸರದಿ ಬಂದಾಗ ಹಿಂಡಿನ ಒಡೆಯನೇ ಅದರ ಬದಲು ಕೊರಳೊಡ್ಡುತ್ತಾನೆ. ಅರಸ ಬೆರಗಾಗಿ ಅಭಯ ಕೊಟ್ಟರೆ, ಜಿಂಕೆ ಅಷ್ಟಕ್ಕೇ ಸುಮ್ಮನಾಗುವುದಿಲ್ಲ; ಮಿಕ್ಕ ಜಿಂಕೆಗಳ ಗತಿ ಏನು, ನಾಲ್ಕು ಕಾಲಿನ ಮಿಕ್ಕ ಪ್ರಾಣಿಗಳ ಗತಿ ಏನು, ಹಕ್ಕಿಗಳ, ಮೀನುಗಳ ಗತಿ ಏನು ಎಂದು ಒಂದೊಂದಾಗಿ ಕೇಳಿ ಎಲ್ಲಕ್ಕೂ ಅಭಯ ಪಡೆಯುತ್ತದೆ. ಆಳುವವನ ಮುಂದೆ ನಿಂತು ಅಭಯ ಬೇಡುವ ಪ್ರಾಣಿಯ ಕಥೆ ದಿಲ್ಲಿಯ ದಾರಿ ಹಿಡಿಯುವುದಕ್ಕೆ ಎಷ್ಟೋ ಮೊದಲೇ ನಮ್ಮ ನಾಡಿನಲ್ಲಿ ಬೇರೂರಿತ್ತು.

ಆದರೆ ಜಾತಕದ ಜಿಂಕೆಗೆ ದುಭಾಷಿ ಬೇಕಾಗಿರಲಿಲ್ಲ. ಭಾಷೆಯೇ ಅಡ್ಡಗೋಡೆಯಾಗುವ ಕಥೆ ಬೇಕಾದರೆ ಗೋದಾವರಿಯ ದಡದ ಪ್ರತಿಷ್ಠಾನಕ್ಕೆ, ಇಂದಿನ ಪೈಠಣಕ್ಕೆ, ಹೋಗಬೇಕು. ಸೋಮದೇವನು ‘ಕಥಾಸರಿತ್ಸಾಗರ’ದಲ್ಲಿ ಹೇಳುವ ಐತಿಹ್ಯವಿದು. ಶಾತವಾಹನ ದೊರೆ ರಾಣಿಯರೊಡನೆ ನೀರಾಟವಾಡುತ್ತಿದ್ದಾಗ ಒಬ್ಬ ರಾಣಿ ನೀರು ಎರಚಬೇಡಿ ಎಂದು ಸಂಸ್ಕೃತದಲ್ಲಿ ಹೇಳಿದಳು. ಸಂಧಿ ಬಿಡಿಸಲು ಬಾರದ ದೊರೆ ಮೋದಕ ತರಿಸಿಕೊಟ್ಟು ನಗೆಪಾಟಲಾದ. ತನಗೆ ವ್ಯಾಕರಣ ಕಲಿಸುವವರಾರೆಂದು ಕೇಳಿದಾಗ, ಗುಣಾಢ್ಯ ಆರು ವರ್ಷ ಬೇಕೆಂದ, ಶರ್ವವರ್ಮ ಆರೇ ತಿಂಗಳು ಸಾಕೆಂದ. ಹಾಗಾದಲ್ಲಿ ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ಬಿಡುವೆನೆಂದು ಗುಣಾಢ್ಯ ಪಣ ತೊಟ್ಟು ಸೋತ. ಮಾತು ತೊರೆದು ಕಾಡು ಸೇರಿದ ಅವನಿಗೆ ಉಳಿದದ್ದು ಪೈಶಾಚಿಯೊಂದೇ. ಏಳು ಲಕ್ಷ ಶ್ಲೋಕಗಳ ಬೃಹತ್ಕಥೆಯನ್ನು ಅವನು ಆ ಭಾಷೆಯಲ್ಲೇ ಬರೆದ, ಮಸಿ ಸಿಗದೆ ತನ್ನ ನೆತ್ತರಿನಲ್ಲಿ ಬರೆದ. ಅರಸನಿಗೆ ಕಳಿಸಿದರೆ, ಪಿಶಾಚಿಗಳ ಭಾಷೆ ಎಂದು ಆತ ಹೀಗಳೆದು ಹಿಂದಕ್ಕೆ ಕಳಿಸಿದ.

ಆಗ ಗುಣಾಢ್ಯ ಬೆಂಕಿ ಹೊತ್ತಿಸಿ, ಒಂದೊಂದೇ ಓಲೆಯನ್ನು ಗಟ್ಟಿಯಾಗಿ ಓದಿ ಉರಿಗೆ ಹಾಕತೊಡಗಿದ. ಕೇಳಲು ಬಂದವು ಕಾಡಿನ ಪ್ರಾಣಿಗಳು. ಮೇವು ನೀರು ಮರೆತು, ಕಣ್ಣೀರಿಡುತ್ತ, ಸುತ್ತ ನೆರೆದು ನಿಂತವು. ಇತ್ತ ಅರಮನೆಯಲ್ಲಿ ಅರಸನಿಗೆ ಕಾಯಿಲೆ. ಸೊರಗಿದ ಪ್ರಾಣಿಗಳ ಒಣಮಾಂಸವೇ ಕಾರಣವೆಂದು ವೈದ್ಯರು ಹೇಳಿದರು. ಕಾರಣ ಹುಡುಕುತ್ತ ಅರಸ ಕಾಡಿಗೆ ಓಡಿಬಂದಾಗ ಆರು ಲಕ್ಷ ಶ್ಲೋಕ ಬೂದಿಯಾಗಿತ್ತು, ಒಂದು ಲಕ್ಷ ಉಳಿದಿತ್ತು. ಇದು ಐತಿಹ್ಯವೇ ಇರಲಿ. ಒಂದು ಭಾಷೆಯನ್ನು ಅರಮನೆ ತಳ್ಳಿದಾಗ ಅದರಲ್ಲಿದ್ದ ಕಥೆಯೂ ಬೆಂಕಿಗೆ ಹೋಗುತ್ತದೆ ಎಂಬ ಎಚ್ಚರಿಕೆಯನ್ನು ಇಷ್ಟು ಕಟುವಾಗಿ ಹೇಳುವ ಕಥೆ ಬೇರೊಂದಿಲ್ಲ. ಪೈಶಾಚಿಯ ಆ ಮೂಲಗ್ರಂಥ ಇಂದು ಯಾವ ಭಂಡಾರದಲ್ಲೂ ಇಲ್ಲ. ಅದನ್ನು ನಾವು ಬಲ್ಲೆವಾದರೆ ಅನ್ಯಭಾಷೆಗಳಿಗೆ ತಂದವರಿಂದ. ನಮ್ಮ ಗಂಗ ದೊರೆ ದುರ್ವಿನೀತನು ಅದನ್ನು ಸಂಸ್ಕೃತಕ್ಕೆ ತಂದನೆಂದು ತಾಮ್ರಪಟಗಳು ಹೇಳುತ್ತವೆ.

ಆ ಉಳಿದ ಕಥೆಯ ಕಿಡಿಯನ್ನು ಕನ್ನಡದ ಒಲೆಗೆ ತಂದವನು ದುರ್ಗಸಿಂಹ. 1031ರ ಸುಮಾರಿಗೆ ಕಲ್ಯಾಣ ಚಾಲುಕ್ಯ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ಈತ, ‘ಪಂಚತಂತ್ರ’ವನ್ನು ಕನ್ನಡ ಚಂಪುವಾಗಿ ರಚಿಸಿದ. ನಾವಿರುವ ಈ ಸೀಮೆಯೂ ಅಂದು ಆ ಅರಸನದೇ ನಾಡು. ಲೋಕಪ್ರಸಿದ್ಧವಾದ ವಿಷ್ಣುಶರ್ಮನ ಪಾಠವನ್ನು ದುರ್ಗಸಿಂಹ ಹಿಡಿಯಲಿಲ್ಲ; ಗುಣಾಢ್ಯನ ಬೃಹತ್ಕಥೆಯಿಂದ ವಸುಭಾಗಭಟ್ಟನು ಆಯ್ದ ಐದು ಕಥೆಗಳ ಪಾಠವನ್ನು ಆಧಾರವಾಗಿಟ್ಟುಕೊಂಡನೆಂದು ಅವನೇ ಹೇಳಿಕೊಂಡಿದ್ದಾನೆ. ಭೇದ, ಪರೀಕ್ಷಾ, ವಿಶ್ವಾಸ, ವಂಚನಾ, ಮಿತ್ರಕಾರ್ಯ ಎಂಬ ಐದು ಪ್ರಕರಣಗಳಾಗಿ ಅದು ಹರಡಿದೆ. ಹೀಗೆ ಸಾವಿರ ವರ್ಷದ ಹಿಂದೆಯೇ ಸಿಂಹ, ಎತ್ತು, ನರಿಗಳು ಹಳಗನ್ನಡದಲ್ಲಿ ಮಾತನಾಡಿದವು.

ದುರ್ಗಸಿಂಹನ ಉದ್ಯೋಗವನ್ನು ನಾವು ಮರೆಯಬಾರದು. ಸಂಧಿವಿಗ್ರಹಿ ಎಂದರೆ ಅನ್ಯರಾಜ್ಯಗಳೊಡನೆ ಸ್ನೇಹ, ಯುದ್ಧಗಳ ವ್ಯವಹಾರ ನೋಡುವವನು. ಇತ್ತಣ ಮಾತನ್ನು ಅತ್ತಣಕ್ಕೆ ಮುಟ್ಟಿಸುವುದು ಅವನ ಕೆಲಸದ ತಿರುಳು. ಅಂಥವನು ಪಂಚತಂತ್ರವನ್ನು ಆರಿಸಿಕೊಂಡದ್ದು ಸಹಜ. ಅದರ ಮೊದಲ ಕಥೆಯೇ ದುಭಾಷಿಯ ಕಥೆ. ಕಾಡಿನಲ್ಲಿ ಒಂಟಿಯಾಗಿ ಉಳಿದ ಎತ್ತಿನ ಗುಟುರು ಕೇಳಿ ಸಿಂಹ ನಡುಗುತ್ತದೆ. ತನಗೆ ಅರ್ಥವಾಗದ ದನಿಯ ಭಯ ಅದು. ನರಿ ನಡುವೆ ನಿಂತು ಎರಡನ್ನೂ ಭೇಟಿ ಮಾಡಿಸಿ ಗೆಳೆತನ ಬೆಸೆಯುತ್ತದೆ. ಮುಂದೆ ತನ್ನ ಸ್ಥಾನಕ್ಕೆ ಕುಂದು ಬಂದಾಗ ಅದೇ ನರಿ ಇವನಿಗೆ ಅವನ ಮೇಲೆ, ಅವನಿಗೆ ಇವನ ಮೇಲೆ ಸುಳ್ಳು ಹೇಳಿ, ಎತ್ತನ್ನು ಸಿಂಹದಿಂದಲೇ ಕೊಲ್ಲಿಸುತ್ತದೆ. ಮಾತು ಸಾಗಿಸುವವನು ಸ್ನೇಹವನ್ನೂ ಕಟ್ಟಬಲ್ಲ, ಹಗೆಯನ್ನೂ ಬಿತ್ತಬಲ್ಲ. ಗಡಿಯಲ್ಲಿ ಬಾಳುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ನರಿಗಳು ದುರ್ಗಸಿಂಹನಿಗಿಂತ ಬಹಳ ಮೊದಲೇ ಪಡುವಣಕ್ಕೆ ಪಯಣ ಬೆಳೆಸಿದ್ದವು. ಆರನೆಯ ಶತಮಾನದಲ್ಲಿ ಪರ್ಷಿಯಾದ ದೊರೆ ಖುಸ್ರೋ ಅನುಶಿರ್ವಾನನ ವೈದ್ಯ ಬುರ್ಜೋಯ್ ಪಂಚತಂತ್ರವನ್ನು ಪಹ್ಲವಿ ಭಾಷೆಗೆ ತಂದ. ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫಾ ಅದನ್ನು ಅರಬ್ಬಿಗೆ ತಂದ. ಕರಟಕ, ದಮನಕ ಎಂಬ ನರಿಗಳ ಹೆಸರೇ ಅಲ್ಲಿ ‘ಕಲೀಲಾ ವ ದಿಮ್ನಾ’ ಎಂಬ ಗ್ರಂಥದ ಹೆಸರಾಯಿತು. ಅರಬ್ಬಿ ಪಾಠದಲ್ಲಿ ಒಂದು ಹೊಸ ಅಧ್ಯಾಯವಿದೆ. ಸುಳ್ಳು ಮಾತು ಸಾಗಿಸಿದ ದಿಮ್ನಾನ ವಿಚಾರಣೆ ನಡೆದು ಶಿಕ್ಷೆಯಾಗುತ್ತದೆ. ಪಹ್ಲವಿ ಪಾಠ ಕಳೆದುಹೋಯಿತು. ಅದರಿಂದ ಹೊರಟ ಅನುವಾದಗಳು ಉಳಿದವು. ಅರಬ್ಬಿಯಿಂದ ಹೀಬ್ರೂ, ಲ್ಯಾಟಿನ್‌ಗಳ ಮೂಲಕ ಯೂರೋಪಿನ ಭಾಷೆಗಳಿಗೆ ಕಥೆಗಳು ಹಬ್ಬಿದವು. 1678ರಲ್ಲಿ ಫ್ರೆಂಚ್ ಕವಿ ಲಾ ಫೊಂಟೇನ್ ತನ್ನ ನೀತಿಕಥೆಗಳ ಎರಡನೆಯ ಸಂಗ್ರಹದಲ್ಲಿ ಭಾರತದ ಪಿಲ್ಪಾಯ್ ಎಂಬ ಜ್ಞಾನಿಯ ಋಣವನ್ನು ಸ್ಮರಿಸಿದ.

ಯೂರೋಪು, ಅಮೆರಿಕಗಳಲ್ಲಿ ಚಲಿಸುವ ಚಿತ್ರ ಹುಟ್ಟಿದಾಗ ಮಾತನಾಡುವ ಪ್ರಾಣಿಗಳಿಗೆ ಹೊಸ ಮೈ ದೊರೆಯಿತು. ದನಿ ದೊರೆಯಲು ಮಾತ್ರ ಇನ್ನಷ್ಟು ಕಾಲ ಹಿಡಿಯಿತು. 1914ರಲ್ಲಿ ವಿನ್ಸರ್ ಮೆಕೇ ಬರೆದ ಗರ್ಟಿ ಎಂಬ ಡೈನೋಸಾರ್ ಪರದೆಯ ಮೇಲೆ ಕುಣಿಯಿತು. ಅದು ಮೂಕ, ವೇದಿಕೆಯ ಮೇಲೆ ನಿಂತ ಮೆಕೇ ಆಜ್ಞೆ ಮಾಡಿದರೆ, ಅದು ಪಾಲಿಸಿದಂತೆ ತೋರುತ್ತಿತ್ತು. 1928ರ ನವೆಂಬರಿನಲ್ಲಿ ವಾಲ್ಟ್ ಡಿಸ್ನಿಯವರ ‘ಸ್ಟೀಮ್‌ಬೋಟ್ ವಿಲ್ಲಿ’ ಬಂದಾಗ ಮಿಕ್ಕಿ ಎಂಬ ಇಲಿ ಸಿಳ್ಳೆ ಹಾಕಿತು. ಮರುವರ್ಷ ಅದರ ಬಾಯಿಂದ ಮೊದಲ ಮಾತು ಹೊರಟಿತು. ಮುಂದೆ ಅನೇಕ ವರ್ಷ ಆ ಇಲಿಯ ದನಿ ಸ್ವತಃ ಡಿಸ್ನಿಯವರದೇ ಆಗಿತ್ತು.

ಈ ಕಲೆಯ ಒಂದು ಗುಟ್ಟನ್ನು ಇಲ್ಲಿ ಹೇಳಬೇಕು. ಅನಿಮೇಷನ್ ಚಿತ್ರದಲ್ಲಿ ಸಾಮಾನ್ಯವಾಗಿ ನಟರ ಮಾತನ್ನು ಮೊದಲು ಧ್ವನಿಮುದ್ರಿಸಿಕೊಂಡು, ಆ ಮಾತಿಗೆ ಹೊಂದುವಂತೆ ಪ್ರಾಣಿಯ ಬಾಯಿಯನ್ನು ಆಮೇಲೆ ಬರೆಯುತ್ತಾರೆ. ಅಂದರೆ ಮೂಲ ಚಿತ್ರದಲ್ಲಿಯೂ ಆ ದನಿ ಪ್ರಾಣಿಯದಲ್ಲ, ಯಾರೋ ಕೊಟ್ಟದ್ದು. ಕನ್ನಡದಲ್ಲಿ ಇದಕ್ಕೆ ಕಂಠದಾನ ಎಂಬ ಒಳ್ಳೆಯ ಮಾತಿದೆ. ಮನುಷ್ಯ ನಟನಿಗೆ ತನ್ನದೇ ತಾಯ್ನುಡಿ ಇರುತ್ತದೆ. ಬರೆದ ಕರಡಿಗೆ ಅದಿಲ್ಲ. ದಾನ ಮಾಡಿದವರ ಭಾಷೆಯೇ ಅದರ ಭಾಷೆ.

ಭಾರತದಲ್ಲಿ ಈ ಕಲೆ ಬೇರು ಬಿಟ್ಟದ್ದು ನಮ್ಮ ನೆರೆಯಲ್ಲೇ. ಕೊಲ್ಲಾಪುರದಲ್ಲಿ ಹುಟ್ಟಿ 1933ರಲ್ಲಿ ಪುಣೆಗೆ ಬಂದ ಪ್ರಭಾತ್ ಫಿಲ್ಮ್ ಕಂಪನಿ, 1934ರಲ್ಲಿ ನರಿಯೊಂದನ್ನು ಕುರಿತ ‘ಜಂಬೂ ಕಾಕಾ’ ಎಂಬ ಕಿರು ಕಾರ್ಟೂನ್ ತೆಗೆಯಿತು. ಜಂಬುಕ ನಮ್ಮ ಕಾವ್ಯಗಳಲ್ಲೂ ನರಿಯೇ, ಕಾಕಾ ನಮ್ಮ ಮನೆಗಳಲ್ಲೂ ಚಿಕ್ಕಪ್ಪನೇ. ಹೆಸರು ಕೇಳಿದೊಡನೆ ಇಲ್ಲಿಯ ಕನ್ನಡಿಗರಿಗೆ ಅನುವಾದ ಬೇಕಾಗದ ಚಿತ್ರವದು. ಸ್ವಾತಂತ್ರ್ಯಾನಂತರ ಮುಂಬಯಿಯ ಫಿಲ್ಮ್ಸ್ ಡಿವಿಷನ್ನಿನಲ್ಲಿ ಕಾರ್ಟೂನ್ ವಿಭಾಗ ಆರಂಭವಾಯಿತು. ಡಿಸ್ನಿ ಸಂಸ್ಥೆಯಲ್ಲಿ ‘ಬ್ಯಾಂಬಿ’ಯ ಜಿಂಕೆಮರಿಗಾಗಿ ದುಡಿದಿದ್ದ ಕ್ಲೇರ್ ವೀಕ್ಸ್ ಅಲ್ಲಿಗೆ ಬಂದು ತರಬೇತಿ ನೀಡಿದರು. 1957ರಲ್ಲಿ ಹೊರಬಂದ ‘ದಿ ಬನಿಯನ್ ಡೀರ್’ ಚಿತ್ರಕ್ಕೆ ಆರಿಸಿಕೊಂಡದ್ದು ನಾವು ಮೇಲೆ ಹೇಳಿದ ನ್ಯಗ್ರೋಧ ಮೃಗದ ಜಾತಕವನ್ನೇ. 1974ರಲ್ಲಿ ವಿಜಯಾ ಮುಳೆಯವರ ‘ಏಕ್ ಅನೇಕ್ ಔರ್ ಏಕ್ತಾ’ ಬಂದಿತು. ಬಲೆಯ ಸಮೇತ ಹಾರಿಹೋಗುವ ಹಕ್ಕಿಗಳು, ಬಲೆ ಕಡಿಯುವ ಇಲಿಗಳು ಪಂಚತಂತ್ರದಿಂದ ಎದ್ದು ದೂರದರ್ಶನದ ಮೂಲಕ ಮನೆಮನೆಗೆ ಬಂದವು. 1990ರ ದಶಕದಲ್ಲಿ ಜಪಾನಿನಲ್ಲಿ ತಯಾರಾದ ಮೋಗ್ಲಿಯ ಧಾರಾವಾಹಿ ಹಿಂದಿಯಲ್ಲಿ ಪ್ರಸಾರವಾದಾಗ, ಅದರ ಹುಲಿ ಶೇರ್‌ಖಾನನಿಗೆ ನಾನಾ ಪಾಟೇಕರ್ ಕಂಠದಾನ ಮಾಡಿದರು. ಜಪಾನಿನವರು ಬರೆದ ಆ ಹುಲಿ ನಮ್ಮ ಒಂದು ತಲೆಮಾರಿನ ಮಕ್ಕಳಿಗೆ ಹುಟ್ಟಾ ಹಿಂದಿಯದು.

ಈ ಕಂಠದಾನದ ಸಾಲಿನಲ್ಲಿ ಕನ್ನಡ ಎಲ್ಲಿತ್ತು? ಸ್ವಂತ ಚಿತ್ರೋದ್ಯಮ ಬೆಳೆಯಲೆಂದು ಕರ್ನಾಟಕದಲ್ಲಿ 1960ರ ದಶಕದಿಂದ ಡಬ್ಬಿಂಗ್ ಚಿತ್ರಗಳನ್ನು ದೂರವಿಡಲಾಯಿತು. ಆ ನಿಲುವಿನ ಬಲದಿಂದ ಕನ್ನಡದ ನಟರು, ಲೇಖಕರು, ಗಾಯಕರು ಬೆಳೆದರು. ಅದನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಯಾರ ಅನ್ನವನ್ನೂ ಕಸಿಯದ ಇಲಿ, ಬಾತುಕೋಳಿಗಳೂ ಆ ಬಾಗಿಲಾಚೆ ನಿಂತವು. 2009ರಲ್ಲಿ ಆರಂಭವಾದ ಚಿಂಟು ಟಿವಿ ಕಾರ್ಟೂನುಗಳನ್ನು ಕನ್ನಡದಲ್ಲಿ ತೋರಿಸತೊಡಗಿದಾಗ ಬಾಗಿಲು ಸ್ವಲ್ಪ ತೆರೆಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯುವುದು ಸಲ್ಲದೆಂದು ತೀರ್ಪಿತ್ತಿತು. ಆದರೂ 2019ರಲ್ಲಿ ‘ದಿ ಲಯನ್ ಕಿಂಗ್’ ಭಾರತದ ಚಿತ್ರಮಂದಿರಗಳಿಗೆ ಬಂದಾಗ ಅದರ ಸಿಂಹ ಇಂಗ್ಲಿಷಿನ ಜೊತೆಗೆ ಹಿಂದಿ, ತಮಿಳು, ತೆಲುಗುಗಳಲ್ಲಿ ಗರ್ಜಿಸಿತು. ದುರ್ಗಸಿಂಹನ ಭಾಷೆಯಲ್ಲಿ ಗರ್ಜಿಸಲಿಲ್ಲ. ಬಾಗಿಲು ತೆರೆದ ಮಾತ್ರಕ್ಕೆ ಅತಿಥಿ ಬರುವುದಿಲ್ಲ. ಒಳಗಿನಿಂದ ಕರೆಯುವವರೂ ಬೇಕು.

ಇನ್ನೊಂದು ನಿದರ್ಶನ ಇನ್ನೂ ಯೋಚನೆಗೆ ಹಚ್ಚುವಂಥದು. ನಮ್ಮೆಲ್ಲರ ತೊಟ್ಟಿಲಿನ ಕಥೆಯಾದ ಗೋವಿನ ಹಾಡಿನಲ್ಲಿ ಹಸುವೂ ಹುಲಿಯೂ ಮಾತನಾಡುತ್ತವೆ. ಹಸು ಕೊಟ್ಟ ಮಾತೇ ಅಲ್ಲಿಯ ಕಥೆ. ಅದನ್ನು ಆಧರಿಸಿ ವಿ. ರವಿಶಂಕರ್ ನಿರ್ದೇಶಿಸಿದ ‘ಪುಣ್ಯಕೋಟಿ’ ಅನಿಮೇಷನ್ ಚಿತ್ರ 2020ರಲ್ಲಿ ಬಿಡುಗಡೆಯಾಯಿತು. ಅನೇಕರ ಸಣ್ಣಪುಟ್ಟ ದೇಣಿಗೆಯಿಂದ ರೂಪುಗೊಂಡ ಶ್ರದ್ಧೆಯ ಕೆಲಸವದು. ಅದರ ಹಸು ಮಾತನಾಡುವುದು ಸಂಸ್ಕೃತದಲ್ಲಿ. ಆ ಸಾಹಸವನ್ನು ನಾವು ಗೌರವಿಸುತ್ತೇವೆ. ದುರ್ವಿನೀತನೂ ಕಥೆಯನ್ನು ಸಂಸ್ಕೃತಕ್ಕೆ ತಂದವನೇ ತಾನೆ. ಆದರೆ ಕನ್ನಡದ ಜನಪದರು ಸಾಕಿದ ಹಸು ಪರದೆಗೆ ಬರುವಾಗ ಬೇರೆ ಭಾಷೆಯಲ್ಲಿ ಮಾತನಾಡಿದರೆ, ಕೊಟ್ಟಿಗೆಯವರಾದ ನಾವು ಒಮ್ಮೆ ನಮ್ಮ ಕಡೆಗೇ ನೋಡಿಕೊಳ್ಳಬೇಕಾಗುತ್ತದೆ.

ಮತ್ತೆ ‘ದಿಲ್ಲಿ ಸಫಾರಿ’ಯ ಗಿಳಿಗೆ ಬರೋಣ. ಆ ಚಿತ್ರಕ್ಕೆ ಅಮೆರಿಕದ ನಟರು ದನಿ ಕೊಟ್ಟ ಇಂಗ್ಲಿಷ್ ಆವೃತ್ತಿಯೂ ಬಂದಿತು. ಮುಂಬಯಿಯ ಚಿರತೆಮರಿ ಕಡಲಾಚೆಯ ಮಕ್ಕಳೊಡನೆ ಅವರ ಭಾಷೆಯಲ್ಲಿ ಮಾತನಾಡಿತು. ಗಿಳಿಯ ಹಟವೂ ಅದರ ಸೋಮಾರಿತನವೂ ನಮಗೆ ಅಪರಿಚಿತವಲ್ಲ. ಎರಡು ಭಾಷೆ ಬಲ್ಲವನಿಗೆ ಸುಖ ಸಿಗುವುದು ಪ್ರಬಲರ ಭಾಷೆಯ ಮನೆಯಲ್ಲೇ. ಶಾಲೆಯಲ್ಲಿ ಮರಾಠಿ, ಪೇಟೆಯಲ್ಲಿ ಮರಾಠಿ ತೆಲುಗು ಉರ್ದು, ಪರದೆಯ ಮೇಲೆ ಹಿಂದಿ, ಉದ್ಯೋಗಕ್ಕೆ ಇಂಗ್ಲಿಷ್. ಇವೆಲ್ಲ ನಮ್ಮ ಮಕ್ಕಳ ಸಂಪತ್ತು, ಕೊರತೆಯಲ್ಲ. ಮರಾಠಿ ನೆರೆಯವರು ನಮಗೆ ಪರಕೀಯರೂ ಅಲ್ಲ. ಆದರೆ ಕಾಡಿನ ಭಾಷೆಯನ್ನೇ ಮರೆತ ಗಿಳಿ ದಿಲ್ಲಿಯಲ್ಲಿ ಯಾರ ಪರವಾಗಿ ಏನನ್ನು ಹೇಳೀತು? ಒಂದು ಕಡೆಯ ಮಾತು ಕಳೆದುಹೋದರೆ ದುಭಾಷಿ ಬರಿಯ ಸಾಕುಗಿಳಿಯಾಗುತ್ತಾನೆ.

ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಕಾರ್ಟೂನನ್ನು ನಿಷೇಧಿಸುವುದು ನಮ್ಮಿಂದ ಆಗದು, ಆಗಬೇಕಾಗಿಯೂ ಇಲ್ಲ. ಮಗುವಿನ ಪಕ್ಕದಲ್ಲಿ ಕುಳಿತು, ಕರಡಿ ಈಗ ಏನೆಂದಿತು ಎಂದು ಕೇಳೋಣ. ಅದು ಕನ್ನಡದಲ್ಲಿ ಹೇಳಲಿ, ತಪ್ಪು ತಪ್ಪಾಗಿಯಾದರೂ ಹೇಳಲಿ. ಸಂಘದ ವಾರ್ಷಿಕೋತ್ಸವದಲ್ಲಿ ದನಿಯಿಲ್ಲದೆ ಪರದೆಯ ಮೇಲೆ ಒಂದು ಕಿರುಚಿತ್ರ ಓಡಿಸಿ, ಮಕ್ಕಳಿಂದಲೇ ಅದಕ್ಕೆ ಕನ್ನಡದ ಮಾತು ಆಡಿಸಬಹುದು. ನಮ್ಮ ಸೀಮೆಯ ಆಡುನುಡಿಯಲ್ಲಿ ನರಿ ಸಿಂಹಕ್ಕೆ ‘ಯಾಕ್ರೀ ಮುತ್ಯಾ, ಹಿಂಗ ಕುಂತೀರಿ’ ಎಂದು ಕೇಳಿದರೆ ಸಭೆ ನಗುವುದು ಖಂಡಿತ. ಆ ನಗೆಯೊಡನೆ ಕನ್ನಡ ಒಂದು ತಲೆಮಾರು ಮುಂದೆ ಸಾಗುತ್ತದೆ.

ಪೈಠಣದ ಕಾಡಿನಲ್ಲಿ ಗುಣಾಢ್ಯ ಓಲೆ ಸುಡುತ್ತಿದ್ದಾಗ ಪ್ರಾಣಿಗಳು ಅಳುವುದನ್ನು ಬಿಟ್ಟು ಬೇರೇನೂ ಮಾಡಲಾರದೆ ನಿಂತಿದ್ದವು. ಅವಕ್ಕೆ ಅರಮನೆಯ ಭಾಷೆ ಬರುತ್ತಿರಲಿಲ್ಲ. ನಮಗೆ ಎರಡೂ ಬರುತ್ತವೆ. ಅರಸ ಓಡಿ ಬರುವವರೆಗೆ ಕಾಯದೆ, ಉಳಿದಿರುವ ಓಲೆಗಳನ್ನು ನಮ್ಮ ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುವ ಕೆಲಸ ನಮ್ಮದು.